ಎರಡನೆಯ ಕೀ ಸಣ್ಣತಾಯಮ್ಮನ ಹತ್ತಿರ

ಮೊರವನ್ನು ಒಮ್ಮೆ ಕುಲುಕಿ, ಅಕ್ಕಿಯನ್ನು ನನ್ನ ಕಡೆಗೆ ಎಳೆದುಕೊಂಡು, ಕಲ್ಲು ಕಂಡಲ್ಲೆಲ್ಲ ಉಗುರಿನಿಂದ ಎತ್ತಿ ಅಂಗಳಕ್ಕೆ ಎಸೆಯುತ್ತಿದ್ದೆ. ಹಂಚಿನ ಕಾರ್ಖಾನೆಯವರ ಊಟಕ್ಕೆ ತಂದ ಅಕ್ಕಿ. ಅಗ್ಗದ್ದು, ಕಲ್ಲಿಗೇನೂ ಬರವಿಲ್ಲ. ಕೋಳಿಗಳು ಎದುರಿಗೆ ನಿಂತು, ನಾನು ಎಸೆದದ್ದೆಲ್ಲ ಕಾಳೇ ಎಂಬ ನಂಬಿಕೆಯಲ್ಲಿ ಒಂದರ ಮೇಲೊಂದು ಬೀಳುತ್ತಿದ್ದವು. ಬಾಗಿದಾಗ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ವ್ಯಾನಿನ ಕೀ ಜಾರಿ ಮೊರಕ್ಕೆ ಬಿತ್ತು. ಅದರ ಪ್ಲಾಸ್ಟಿಕ್ ತಲೆ ಎಂದೋ ಬಿರುಕು ಬಿಟ್ಟಿತ್ತು. ದಾರ ಸುತ್ತಿ ಇಟ್ಟಿದ್ದೆ. ದಾರ ಬಿಚ್ಚಿಕೊಂಡು ತಲೆ ಎರಡು ಹೋಳಾಯಿತು. ಹೋಳುಗಳನ್ನು ಕೂಡಿಸಿ ಮತ್ತೆ ದಾರ ಬಿಗಿದೆ. ಅಕ್ಕಿಯ ನಡುವೆ ಒಂದು ಕಪ್ಪು ಚೂರು ಉಳಿದಿತ್ತು, ತೊಗರಿಕಾಳಿಗಿಂತ ತುಸು ದೊಡ್ಡದು. ಕಲ್ಲು ಆರಿಸಿ ಆರಿಸಿ ಕೈಗೆ ಅದೇ ರೂಢಿ. ಎತ್ತಿ ಎಸೆದೆ.

ಅಡಿಗೆ ಮುಗಿಸಿ, ಪಾತ್ರೆಗಳನ್ನು ವ್ಯಾನಿಗೆ ಏರಿಸಿ, ಕೀ ತಿರುಗಿಸಿದೆ. ಇಂಜಿನ್ನು ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು. ಸ್ಟೇರಿಂಗಿನ ಹಿಂದೆ, ಕೀಯ ಚಿತ್ರವಿರುವ ಕೆಂಪು ದೀಪ ಮಿಟುಕತೊಡಗಿತು. ಆ ದೀಪ ನಮ್ಮೂರಿನಲ್ಲಿ ಯಾರಿಗೂ ಹೊಸದಲ್ಲ. ಅದನ್ನು ಕಂಡ ಕೂಡಲೇ ಜನ ಮಾಡುವ ಮೊದಲ ಕೆಲಸ, ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕತ್ತು ಹೊರಳಿಸುವುದು. ನಾನೂ ಹೊರಳಿಸಿದೆ. ಪೋಸ್ಟಿನ ಅಂಕಯ್ಯ ಸೈಕಲ್ಲಿನಿಂದ ಒಂದು ಕಾಲು ನೆಲಕ್ಕೂರಿ ನೋಡುತ್ತಿದ್ದ.

"ದೀಪ ಬಂತಾ, ಹೊಂಬಾಳಕ್ಕ?"

"ಇಲ್ಲ."

"ಕೆಂಪಗೆ ಏನೋ ಕಾಣ್ತದಲ್ಲ."

"ಬಿಸಿಲು."

"ಬಿಸಿಲು ಮಿಟುಕ್ತದಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಸಂತೋಷದಿಂದ ಪೆಡಲು ತುಳಿದ. ಅವನು ಊರಿಗೆ ಸುದ್ದಿ ಹಂಚಿ ಮುಗಿಸುವಷ್ಟರಲ್ಲಿ ನಾನು ತಳ್ಳುಗಾಡಿ ಕೇಳಿ ತಂದು, ಕಾರ್ಖಾನೆಯ ಗೇಟಿಗೆ ಊಟ ಮುಟ್ಟಿಸಿದ್ದೆ. ಸಾರು ಆರಿತ್ತು. ಉಂಡವರು ಸಾರಿನ ಬಗ್ಗೆ ಏನೂ ಹೇಳಲಿಲ್ಲ. "ಈಗೇನು ಮಾಡ್ತೀಯವ್ವಾ, ಅವರನ್ನ ಕರೀಲೇಬೇಕಲ್ಲ" ಎಂದಷ್ಟೇ ಕೇಳಿದರು.

ಕೀ ಮಾಡುವ ಲಾಜರ್ ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವನು. ಜನ ಕೈಗೆ ಗಡಿಯಾರ ಕಟ್ಟುವುದನ್ನು ಬಿಟ್ಟ ಮೇಲೆ ಕೀಗೆ ಬಂದ. ಅಂಗಡಿಯ ಗೋಡೆಯಲ್ಲಿ ಹಳೆಯ ಗಡಿಯಾರಗಳು ಇನ್ನೂ ಇವೆ. ಒಂದೊಂದು ಒಂದೊಂದು ಹೊತ್ತು ತೋರಿಸುತ್ತವೆ, ಗಿರಾಕಿಗಳು ತಮಗೆ ಅನುಕೂಲವಾದದ್ದನ್ನು ನೋಡಿಕೊಂಡು ಎದ್ದು ಹೋಗುತ್ತಾರೆ. ಅವನು ನನ್ನ ಕೀಯ ದಾರ ಬಿಚ್ಚಿ, ಹೋಳುಗಳನ್ನು ಅಂಗೈಯಲ್ಲಿಟ್ಟುಕೊಂಡು, ಭೂತಗಾಜಿನಲ್ಲಿ ನೋಡಿದ.

"ಒಳಗಿದ್ದ ಚಿಪ್ ಎಲ್ಲಿ ಅಮ್ಮೋರೆ?"

"ಅದ್ಯಾವುದು?"

"ಕರ್ರಗೆ ಚಿಕ್ಕದಿರ್ತದೆ. ಕಲ್ಲಿನ ಥರ."

ನಾನು ಉಗುರು ನೋಡಿಕೊಂಡೆ.

"ಎಸೆದ್ರಾ?"

"ಅಕ್ಕೀಲಿ ಕಲ್ಲು ಬಿಟ್ಟು ಬೇಯ್ಸಕ್ಕಾಯ್ತದಾ?"

ಲಾಜರ್ ಭೂತಗಾಜನ್ನು ಕೆಳಗಿಟ್ಟ. ಇಂಥ ಹೊತ್ತಿಗೆ ಅವನಿಗೆ ಪಾದ್ರಿಗಳ ದನಿ ಬರುತ್ತದೆ. "ನೀವು ಎಸೆದದ್ದೇ ಕೀ. ಈಗ ನಿಮ್ಮ ಕೈಲಿರೋದು ಬರೀ ಕಬ್ಬಿಣ. ಬಾಗಿಲು ತೆಗೀತದೆ, ತೂತಲ್ಲಿ ತಿರುಗ್ತದೆ, ಅಷ್ಟೇ. ಆ ತೂತಿನ ಸುತ್ತ ತಾಮ್ರದ ತಂತೀದು ಒಂದು ಬಳೆ ಅದೆ. ಬಳೆ ಕೇಳ್ತದೆ, ನೀನ್ಯಾರು ಅಂತ. ಚಿಪ್ ತನ್ನ ನಂಬರ್ ಹೇಳ್ತದೆ. ಹೇಳಿದ್ರೆ ಇಂಜಿನ್ನಿಗೆ ಅಪ್ಪಣೆ. ಹೇಳ್ದೆ ಇದ್ರೆ ನೀವು ಕಳ್ಳರು."

"ಇಷ್ಟು ವರ್ಷ ಓಡ್ಸಿದೀನಿ. ನಾನು ಯಾರು ಅಂತ ಗೊತ್ತಾಗಲ್ವಾ?"

"ಗಾಡೀಗೆ ಗೊತ್ತಿರೋದು ನೀವಲ್ಲ, ಚಿಪ್."

ಹೊಸ ಕೀಗೆ ಹೊಸ ಚಿಪ್ ಹಾಕಿ, ಸ್ಟೇರಿಂಗಿನ ಕೆಳಗೆ ತನ್ನ ಡಬ್ಬಿಯ ವೈರು ಚುಚ್ಚಿ, ಗಾಡಿಗೆ ಪರಿಚಯ ಮಾಡಿಸಿಕೊಡುವುದು ಕಾಫಿ ಕುಡಿಯುವಷ್ಟರ ಕೆಲಸ ಎಂದ. ಆಮೇಲೆ, ಗೊತ್ತಿದ್ದೂ ಕೇಳಿದ: "ಎರಡನೇ ಕೀ ಯಾರ ಹತ್ರ ಅದೆ?"

"ನಿನಗೆ ಗೊತ್ತಿಲ್ವಾ?"

"ಕೇಳೋದು ನನ್ನ ಡ್ಯೂಟಿ."

"ಸಣ್ಣತಾಯಮ್ಮನ ಹತ್ರ."

"ಹಾಗಾದ್ರೆ ಕಾಗದ ಬರೀರಿ" ಎಂದು ಲಾಜರ್ ನನ್ನ ಕಬ್ಬಿಣವನ್ನು ನನಗೆ ವಾಪಸು ಕೊಟ್ಟ.

ಬೇರೆ ಊರುಗಳಲ್ಲಿ ಹೊಸ ಕೀ ಕಲಿಸುವಾಗ ಹಳೆಯ ಕೀಗಳನ್ನು ತಂದರೆ ಸಾಕಂತೆ. ನಮ್ಮೂರಿನ ಗಾಡಿಗಳಿಗೆ ಸಾಲದು. ಕೀ ಯಾರ ಯಾರ ಹತ್ತಿರ ಇದೆಯೋ ಅವರೆಲ್ಲ ಬಂದು, ಒಟ್ಟಿಗೆ ಒಳಗೆ ಕೂತು, ಬಾಗಿಲು ಹಾಕಿಕೊಳ್ಳಬೇಕು. ದೀಪ ಆರುವವರೆಗೆ ಇಳಿಯುವಂತಿಲ್ಲ. ಕೆಲವರಿಗೆ ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಆರುತ್ತದೆ. ಕೆಲವರಿಗೆ ಕಿಟಕಿಯಿಂದ ಊಟ ಕೊಡಬೇಕಾಗುತ್ತದೆ. ಎಣ್ಣೆ ಗಾಣದ ಅಣ್ಣತಮ್ಮಂದಿರು ಕೋರ್ಟಿನಲ್ಲಿ ಗೋಡೆ, ಗಾಣ, ದನದ ಕೊಟ್ಟಿಗೆ ಎಲ್ಲ ಪಾಲು ಮಾಡಿಕೊಂಡು ಬಂದು, ಕಾರಿನ ಹತ್ತಿರ ಸಿಕ್ಕಿಬಿದ್ದರು. ಬೆಳಿಗ್ಗೆ ಕೂತವರು ಸಂಜೆಯಾದರೂ ಇಳಿಯಲಿಲ್ಲ. ದೀಪ ಮಧ್ಯಾಹ್ನವೇ ಆರಿತ್ತಂತೆ. ಸೀಟು ಮೆತ್ತಗಿದೆ, ಇರಲಿ ಎಂದರಂತೆ. ಕೀ ಇದ್ದವರು ಸತ್ತಿದ್ದರೆ ಅವರ ಫೋಟೋವನ್ನು ಸೀಟಿನ ಮೇಲಿಟ್ಟು ಬೆಲ್ಟು ಬಿಗಿಯುತ್ತಾರೆ. ಗಾಡಿ ಸ್ವಲ್ಪ ಯೋಚಿಸಿ ಒಪ್ಪಿಕೊಳ್ಳುತ್ತದೆ. ಬದುಕಿರುವವರ ಫೋಟೋ ಇಟ್ಟು ನೋಡಿದವರೂ ಇದ್ದಾರೆ. ಗಾಡಿ ಒಪ್ಪಲಿಲ್ಲ, ಫೋಟೋದಲ್ಲಿದ್ದವರು ಕೇಳಿ ಬಹಳ ಬೇಸರ ಮಾಡಿಕೊಂಡರು.

ಹೀಗಾಗಿ ನಮ್ಮಲ್ಲಿ ಹೆಣ್ಣು ನೋಡಲು ಬಂದವರನ್ನು ಗಾಡಿ ಇದೆಯೇ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಕೀ, ಯಾರ ಹತ್ತಿರ ಎಂದು ಕೇಳುತ್ತಾರೆ. ಎರಡನೆಯ ಕೀಯನ್ನು ಯಾರಿಗೂ ಕೊಡದೆ ಪೆಟ್ಟಿಗೆಯಲ್ಲಿಟ್ಟುಕೊಂಡವರನ್ನು ಒಂಟಿಕೀಯವರು ಎನ್ನುತ್ತಾರೆ. ಅಂಥವರ ಮನೆಯ ಹಬ್ಬದೂಟ ಬೇಗ ಮುಗಿಯುತ್ತದೆ. ಇನ್ನೊಂದು ತೊಡಕು, ಕರೆಯುವುದು. ಫೋನಿನಲ್ಲಿ ಕರೆದರೆ ಬರುತ್ತಾರೆ, ಕೂರುತ್ತಾರೆ, ಆದರೆ ದೀಪ ಆರುವುದಿಲ್ಲ. ಕರೆಯುವವರು ಸ್ವಂತ ಕೈಯಲ್ಲಿ ಕಾಗದ ಬರೆದು ಅಂಚೆಯಲ್ಲಿ ಕಳಿಸಿದರೆ ಮಾತ್ರ ಆರುತ್ತದೆ. ನಮ್ಮ ಅಂಚೆ ಕಚೇರಿ ಮುಚ್ಚದೆ ಉಳಿದಿರುವುದೇ ಈ ಕಾಗದಗಳಿಂದ. ಅಂಕಯ್ಯ ಲಕೋಟೆಯನ್ನು ಒಮ್ಮೆ ತೂಗಿ ನೋಡಿಯೇ, ಈ ಮನೆಯವರು ಕೂಡುತ್ತಾರೋ ಇಲ್ಲವೋ ಹೇಳಬಲ್ಲೆನೆಂದು ಕೊಚ್ಚಿಕೊಳ್ಳುತ್ತಾನೆ. ಒಂದು ಸಲವೂ ಸರಿಯಾದದ್ದು ನಾನು ಕಂಡಿಲ್ಲ.

ಸಣ್ಣತಾಯಮ್ಮ ನನ್ನ ಓರಗಿತ್ತಿ. ನಾವಿಬ್ಬರೂ ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾದೆವು. ಅವಳ ಗಂಡ ಅಣ್ಣ, ನನ್ನ ಗಂಡ ತಮ್ಮ. ಆದರೆ ವಯಸ್ಸಿನಲ್ಲಿ ನಾನು ದೊಡ್ಡವಳು, ಅವಳು ಚಿಕ್ಕವಳು. ಸಂಬಂಧದ ಲೆಕ್ಕದಲ್ಲಿ ನಾನು ಅವಳನ್ನು ಅಕ್ಕ ಎನ್ನಬೇಕು. ನಾನು ಹೊಸಿಲು ದಾಟಿ ಬಂದಾಗ ಅವಳು, ಹಿರಿಸೊಸೆಯಾಗಿದ್ದರೂ, ಆಲದ ಮರದ ಬಿಳಲಿಗೆ ಜೋತು ಆಡುತ್ತಿದ್ದ ಹುಡುಗಿ. ಅಂಥವಳನ್ನು ಅಕ್ಕ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. "ಇವಳೇ," "ನೋಡಿಲ್ಲಿ," "ಕೇಳಿಸ್ತಾ" ಎಂದೇ ಇಡೀ ಸಂಸಾರ ಕಳೆದೆ. ಅವಳೂ ಬಿಡಲಿಲ್ಲ. ಅಕ್ಕ ಅನ್ನುವವರೆಗೆ ನಾನು ಯಾರನ್ನು ಕರೆದದ್ದೋ ತನಗೆ ಗೊತ್ತಿಲ್ಲವೆಂಬಂತೆ ಇರುತ್ತಿದ್ದಳು, ಮೂರನೆಯ ಸಲ ಕರೆದಾಗ, "ಓ, ನನ್ನನ್ನಾ?" ಎಂದು ಬರುತ್ತಿದ್ದಳು.

ಗಂಡಂದಿರು ಹೋದ ಮೇಲೆ ಇಬ್ಬರೂ ಸೇರಿ ಹಳೆಯದೊಂದು ವ್ಯಾನು ತೆಗೆದುಕೊಂಡು, ಹಂಚಿನ ಕಾರ್ಖಾನೆಯ ಗೇಟಿನಲ್ಲಿ ಊಟ ಹಾಕತೊಡಗಿದೆವು. ನಾನು ಓಡಿಸುವುದು, ಅವಳು ಪಕ್ಕದ ಸೀಟಿನಲ್ಲಿ ಸಾರಿನ ಪಾತ್ರೆಯನ್ನು ತೊಡೆಯ ಮೇಲೆ ಹಿಡಿದು ಕೂರುವುದು. ಕೀ ಎರಡು, ಆಳಿಗೊಂದು. ಜಗಳ ಬಂದದ್ದು ಬೇಳೆ ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬ ವಿಷಯಕ್ಕೆ. ಅವಳು ಒಂದು ಚೂರು ಹಾಕಬೇಕೆಂದಳು. ನಾನು ಹಾಕಿದರೆ ಅದು ಸಾರಲ್ಲ, ಪಾಯಸ ಎಂದೆ. ಎರಡು ಪಾತ್ರೆ ಮಾಡಿದೆವು. ಆಗ ಕಾರ್ಖಾನೆಯವರೂ ಎರಡು ಸಾಲಾದರು. ಯಾವ ಸಾಲು ಉದ್ದ ಎಂದು ಅವಳು ನೋಡುವುದು, ಅವಳು ನೋಡಿದ್ದನ್ನು ನಾನು ನೋಡುವುದು. ಒಂದು ದಿನ ನನ್ನ ಸಾಲಿನ ಒಬ್ಬ ಮುದುಕ ಕಣ್ಣು ಕಾಣದೆ ಅವಳ ಸಾಲಿನಲ್ಲಿ ನಿಂತ. ನಾನು ಕೈಹಿಡಿದು ಈ ಕಡೆ ಕರೆತಂದೆ. ಅವಳು ಸೌಟು ಇಟ್ಟವಳು, ಕೀಯನ್ನು ಸೆರಗಿಗೆ ಗಂಟುಹಾಕಿಕೊಂಡು, ಸೇತುವೆಯಾಚೆ ತಮ್ಮನ ಮನೆಗೆ ನಡೆದುಹೋದಳು. ವಯಸ್ಸಿಗೆ ದೊಡ್ಡವಳು, ನೀನು ಬಂದು ಕರೆ ಎಂದು ಅವಳು. ಸಂಬಂಧಕ್ಕೆ ದೊಡ್ಡವಳು, ನೀನೇ ಬಾ ಎಂದು ನಾನು. ಇಬ್ಬರದ್ದೂ ನ್ಯಾಯವೇ, ಆದ್ದರಿಂದ ಯಾರೂ ಕದಲಲಿಲ್ಲ.

ಅವಳು ಹೋದ ಮೇಲೆ ನನಗೆ ಸಂಜೆ ಬೇಸರ. ನೀಲಾಂಬಿಕೆ ಟೀಚರು ಹಂಚಿನ ಶೆಡ್ಡಿನಲ್ಲಿ ದೊಡ್ಡವರಿಗೆ ರಾತ್ರಿ ಶಾಲೆ ನಡೆಸುತ್ತಿದ್ದರು. ಹೋಗಿ ಕೂತೆ, ಅಕ್ಷರ ಕಲಿತೆ. ಸುದ್ದಿ ಸೇತುವೆ ದಾಟಿತು. "ಈ ವಯಸ್ಸಲ್ಲಿ ಓದು ಕಲಿತು ಯಾರಿಗೆ ಕಾಗದ ಬರೀಬೇಕಂತೆ ಅವಳು?" ಎಂದು ಸಣ್ಣತಾಯಮ್ಮ ಕೇಳಿದಳೆಂದು ಅಂಕಯ್ಯ ಬಂದು ಹೇಳಿದ. ಅವಳು ನಾಲ್ಕನೆಯ ಇಯತ್ತೆ ಓದಿದವಳು, ಸಲೀಸಾಗಿ ಓದುತ್ತಾಳೆ. ಆ ದಿನ ಪಾಟಿ ಒರೆಸುವಾಗ ಇನ್ನಷ್ಟು ಒತ್ತಿ ಒರೆಸಿದೆ.

ಲಾಜರನ ಅಂಗಡಿಯಿಂದ ಬಂದ ಮಾರನೆಯ ಬೆಳಿಗ್ಗೆಯೂ ನಾನು ಕಾಗದ ಬರೆಯಲಿಲ್ಲ. ತಳ್ಳುಗಾಡಿಯೇ ಗತಿ ಎಂದು, ವ್ಯಾನಿನಲ್ಲಿ ಉಳಿದಿದ್ದ ಸೌಟು, ಮುಚ್ಚಳಗಳನ್ನು ತೆಗೆಯಲು ಬಾಗಿಲು ತೆರೆದೆ. ಹಿಂದಿನ ದಿನ ಚೆಲ್ಲಿದ ಅನ್ನದಗುಳು ಮುಂದಿನ ಸೀಟಿನಿಂದ ಸ್ಟೇರಿಂಗಿನವರೆಗೆಲ್ಲ ಒಣಗಿ ಅಂಟಿತ್ತು. ನನಗಿಂತ ಮೊದಲೇ ಒಂದು ಕೋಳಿ ಹತ್ತಿತು. ಜಂಬಿ ಎಂದು ಕರೆಯುತ್ತೇವೆ ಅದನ್ನು. ಉಳಿದ ಕೋಳಿಗಳ ಜೊತೆ ನಡೆಯುವಾಗಲೂ ತಾನು ಒಬ್ಬಳೇ ಹೋಗುತ್ತಿರುವಂತೆ ನಡೆಯುತ್ತದೆ. ಅದು ಸ್ಟೇರಿಂಗಿಗೆ ಒರಗಿ, ಕೀ ತೂತಿನ ಪಕ್ಕದಲ್ಲೇ ಎದೆಯೊತ್ತಿ, ಅಗುಳು ಹೆಕ್ಕುತ್ತಿತ್ತು. ನಾನು ಯಾವ ಯೋಚನೆಯಲ್ಲಿದ್ದೆನೋ, ಹಳೆಯ ಅಭ್ಯಾಸದಿಂದ ಕಬ್ಬಿಣ ಹಾಕಿ ತಿರುಗಿಸಿದೆ. ಇಂಜಿನ್ನು ಶುರುವಾಯಿತು.

ಗಾಬರಿಗೆ ಕೋಳಿ ಹಾರಿ ಅಂಗಳಕ್ಕಿಳಿಯಿತು. ಇಂಜಿನ್ನು ನಿಲ್ಲಿಸಿ ಮತ್ತೆ ತಿರುಗಿಸಿದೆ. ಕೆಂಪು ದೀಪ. ಕರಿ ಕೋಳಿ ಹಿಡಿದು ತಂದು ಕೂರಿಸಿದೆ. ಕೆಂಪು ದೀಪ. ಚುಕ್ಕೆ ಕೋಳಿ. ಕೆಂಪು ದೀಪ. ಜಂಬಿಯನ್ನು ಅಟ್ಟಿಸಿಕೊಂಡು ಹೋಗಿ, ಬೇಲಿಯಲ್ಲಿ ಸೀರೆ ಹರಿದುಕೊಂಡು, ಹಿಡಿದು ತಂದು ಸ್ಟೇರಿಂಗಿಗೆ ಒತ್ತಿ ಹಿಡಿದೆ. ಒಂದೇ ತಿರುವಿಗೆ ಶುರುವಾಯಿತು. ಕೋಳಿಯ ಹೊಟ್ಟೆಯಲ್ಲಿ ಕಲ್ಲು ನಿಲ್ಲುವ ಚೀಲವೊಂದಿರುತ್ತದೆ ಎಂದು ಕೋಳಿ ಕೊಯ್ದವರಿಗೆಲ್ಲ ಗೊತ್ತು. ನಾನು ಎಸೆದ ಕೀ ಅಲ್ಲಿ, ಬೇರೆ ಕಲ್ಲುಗಳ ಜೊತೆ, ಕೆಲಸ ಮಾಡುತ್ತಿತ್ತು.

ಅವತ್ತಿನಿಂದ ಜಂಬಿ ಊಟದ ವ್ಯಾನಿನಲ್ಲಿ ಓಡಾಡಿತು. ಬುಟ್ಟಿಯೊಂದನ್ನು ಸ್ಟೇರಿಂಗಿನ ಬುಡಕ್ಕೆ ಕಟ್ಟಿದೆ. ಹೊರಡುವಾಗ ಅದನ್ನು ಒಳಗಿಟ್ಟು ತಲೆ ಸವರಿ, ಕಬ್ಬಿಣ ತಿರುಗಿಸುವುದು. ಊರು ಎರಡು ದಿನ ನಕ್ಕಿತು, ಮೂರನೆಯ ದಿನ ಒಗ್ಗಿಕೊಂಡಿತು. ಕಾರ್ಖಾನೆಯ ದಾರಿಯಲ್ಲಿ ಗಾಡಿ ತಪಾಸಣೆ ಮಾಡುವ ಪೊಲೀಸಿನವನು ಲೈಸೆನ್ಸು ನೋಡಿ, ಕೋಳಿ ನೋಡಿ, ಕೈಯಾಡಿಸಿ ಬಿಡುತ್ತಿದ್ದ. ಕಾರ್ಖಾನೆಯವರು ಮಾತ್ರ, "ಅವ್ವಾ, ಕೋಳಿ ಸಾರು ಯಾವತ್ತು?" ಎಂದು ದಿನವೂ ಒಂದು ಸಲ ಕೇಳುತ್ತಿದ್ದರು.

ಲಾಜರನಿಗೆ ಇದು ಹಿಡಿಸಲಿಲ್ಲ. ಡಬ್ಬಿ ಹಿಡಿದುಕೊಂಡು ತಾನೇ ಬಂದ. ವೈರು ಚುಚ್ಚಿ ನೋಡಿದ. ಜಂಬಿಯನ್ನು ಎತ್ತಿ ದೂರ ಹಿಡಿದ, ಹತ್ತಿರ ಹಿಡಿದ. ಕೋಳಿ ಅವನ ಅಂಗಿಯ ಮೇಲೆ ಗಲೀಜು ಮಾಡಿತು.

"ನೋಡಿ ಅಮ್ಮೋರೆ," ಎಂದ ಅಂಗಿ ಒರೆಸಿಕೊಳ್ಳುತ್ತ, "ಈಗ ಕೀ ಇರೋರು ನೀವಲ್ಲ. ಒಂದು ಸಣ್ಣತಾಯಮ್ಮೋರು, ಇನ್ನೊಂದು ಇದು. ನಾಳೆ ಹೊಸ ಕೀ ಮಾಡಿಸೋದಾದ್ರೆ ಇಬ್ರೂ ಕೂರ್ಬೇಕು."

"ಕೋಳಿಗೂ ಕಾಗದ ಬರೀಬೇಕಾ?"

"ನಗಾಡ್ಬೇಡಿ. ನನ್ನ ಮಾತು ಕೇಳಿ. ಕೊಯ್ದುಬುಡಿ. ಚೂರು ತಗೊಳ್ಳಿ, ತೊಳೆದು ಕೊಡಿ, ಕೀ ಒಳಗಿಟ್ಟು ಅಂಟು ಹಾಕ್ತೀನಿ. ಕಾಗದಾನೂ ಬೇಡ, ಯಾರೂ ಬರೋದೂ ಬೇಡ. ಸಂಜೆಗೆ ಸಾರೂ ಆಯ್ತು."

"ನಿನ್ನ ಸಂಪಾದನೆ ಹೋಗ್ತದಲ್ಲ?"

"ಹೋಗ್ಲಿ. ಸಾರಿಗೆ ಕರೀತೀರಲ್ಲ."

ಅವನು ಹೇಳಿದ್ದು ಸರಿಯಾಗಿತ್ತು. ಅಷ್ಟು ಸರಿಯಾದ ಮಾತು ಅವನು ಅದಕ್ಕೆ ಮೊದಲು ಆಡಿರಲಿಲ್ಲ. ನಾನು ಕೋಳಿ ಕೊಯ್ಯದವಳಲ್ಲ. ಮದುವೆ ಮನೆಗಳಲ್ಲಿ ಸಾಲಾಗಿ ಕೊಯ್ದು ಕೊಟ್ಟಿದ್ದೇನೆ. ಅವನು ಹೋದ ಮೇಲೆ ಮಚ್ಚು ಮಸೆದೆ. ಜಂಬಿಯ ಕಾಲು ಹಿಡಿದು, ರೆಕ್ಕೆ ಮಡಿಸಿ ಮಣೆಯ ಮೇಲೆ ಇಟ್ಟೆ. ಇಟ್ಟವಳು ಹಾಗೇ ಕೂತೆ. ಚೂರು ಸಿಕ್ಕಿಬಿಟ್ಟರೆ ನನ್ನ ಕೀ ನನಗೆ ಬಂತು. ವ್ಯಾನು ನನ್ನದಾಯಿತು. ಆಮೇಲೆ ಸಣ್ಣತಾಯಮ್ಮನನ್ನು ಕರೆಯಲು ನನಗೆ ಯಾವ ಕಾರಣವೂ ಉಳಿಯುವುದಿಲ್ಲ. ಅವಳ ಕೀ ಅವಳ ಸೆರಗಿನಲ್ಲಿ ತುಕ್ಕು ಹಿಡಿಯುತ್ತದೆ, ನಾನು ಸಾಯುವವರೆಗೆ ಪಕ್ಕದ ಸೀಟು ಖಾಲಿ ಬಿಟ್ಟು, ಹಿಂದೆ ಸಾರಿನ ಪಾತ್ರೆಗೆ ಹಗ್ಗ ಕಟ್ಟಿಕೊಂಡು ಓಡಾಡುತ್ತೇನೆ. ಕೋಳಿಯನ್ನು ಬಿಟ್ಟೆ. ಅದು ಪುಕ್ಕ ಕೊಡವಿಕೊಂಡು, ಇದೆಲ್ಲ ತನಗೆ ಮೊದಲೇ ಗೊತ್ತಿತ್ತೆಂಬಂತೆ ನಡೆದುಹೋಯಿತು.

ಊರಿನಲ್ಲಿ ಹೊಂಬಾಳಮ್ಮನಿಗೆ ವಯಸ್ಸಾಯಿತು, ಕೋಳಿಯ ಮೇಲೆ ಮಮತೆ ಬಂದಿದೆ ಎಂದು ಮಾತಾಯಿತು. ನಾನು ಇಲ್ಲವೆನ್ನಲಿಲ್ಲ. ಕಾಗದ ಬರೆಯುವುದೂ ಇಲ್ಲ, ಕೋಳಿ ಕೊಯ್ಯುವುದೂ ಇಲ್ಲ. ಎರಡರ ನಡುವೆ ಬಹಳ ದಿನ ಬದುಕಬಹುದೆಂದು ನನ್ನ ಎಣಿಕೆ.

ಮಾತು ಸೇತುವೆ ದಾಟಿತು. ಅಂಕಯ್ಯ ಬೆಳಿಗ್ಗೆ ಬಂದು, ಸೈಕಲ್ ಸ್ಟ್ಯಾಂಡು ಹಾಕಿ, ಗಂಟಲು ಸರಿಮಾಡಿಕೊಂಡ. "ನನ್ನ ಜಾಗದಲ್ಲಿ ಕೋಳೀನ ಕೂರಿಸ್ಕೊಂಡ್ಲಂತಾ, ಅಂದ್ರು."

"ಕೋಳಿಯೇನೂ ಸಾರಿಗೆ ಬೆಲ್ಲ ಹಾಕು ಅನ್ನಲ್ಲ ಅಂತ ಹೇಳು."

ಸಂಜೆ ಬಂದ. "ಕೋಳಿಗೆ ಮೊಟ್ಟೆ ಇಡಕ್ಕಾದ್ರೂ ಬರ್ತದೆ, ಅವಳಿಗೆ ಏನು ಬರ್ತದೆ, ಅಂದ್ರು."

"ಮುಷ್ಟಿ ಬೆಲ್ಲ ಬಾಯಲ್ಲಿಟ್ಟುಕೊಂಡೂ ಇಂಥ ಮಾತೇ ಬರ್ತದಾ ಕೇಳು."

ಅವನು ಹೊರಡಲಿಲ್ಲ. ಬೆವರು ಒರೆಸಿಕೊಂಡು ಕಟ್ಟೆಯ ಮೇಲೆ ಕೂತ. "ಹೊಂಬಾಳಕ್ಕ, ಒಂದು ಕಾಗದ ಬರೆದಿದ್ರೆ ಒಂದೇ ಸಲ ಹೋಗಿ ಬರ್ತಿದ್ದೆ. ಮಾತು ಅಂದ್ರೆ ಕಷ್ಟ. ಏರಿ ಹತ್ತೋವಾಗ ಅರ್ಧ ಮರೆತೋಗ್ತದೆ. ದಾರೀಲಿ ನಾನೇ ಸೇರಿಸ್ಬೇಕಾಯ್ತದೆ."

"ಏನು ಸೇರಿಸಿದೆ ಇಲ್ಲೀವರೆಗೆ?"

"ಹೆಚ್ಚೇನಿಲ್ಲ. ಮೊಟ್ಟೆದು ನಂದೇ."

ಅದು ನನಗೆ ಸ್ವಲ್ಪ ಸಮಾಧಾನ ತಂದಿತು, ತೋರಿಸಿಕೊಳ್ಳಲಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿತ್ತು. ಕೆಡಿಸಿದ್ದು ಜಂಬಿಯೇ. ಒಂದು ಬೆಳಿಗ್ಗೆ ಅದು ಬುಟ್ಟಿಗೆ ಬರಲಿಲ್ಲ. ಪಕ್ಕದ ಸೀಟಿನಲ್ಲಿ, ಸಣ್ಣತಾಯಮ್ಮ ಕೂತು ಕೂತು ತಗ್ಗು ಬಿದ್ದಿದ್ದ ಜಾಗದಲ್ಲಿ, ಪುಕ್ಕ ಕಿತ್ತು ಹಾಸಿಕೊಂಡು ಕೂತಿತ್ತು. ಕೆಳಗೆ ಕೈ ಹಾಕಿದರೆ ಬೆಚ್ಚಗೆ ಮೊಟ್ಟೆಗಳು. ಎಂದಿನಿಂದ ಇಡುತ್ತಿತ್ತೋ, ಚೀಲ ಹೊದಿಸಿದ್ದ ಸೀಟಿನಲ್ಲಿ ನನಗೆ ಕಂಡಿರಲಿಲ್ಲ. ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಿ ಬುಟ್ಟಿಗೆ ಹಾಕಿ, ಹಳ್ಳದ ರಸ್ತೆಯಲ್ಲಿ ಕುಲುಕಾಡಿಸಿದರೆ ಮೊಟ್ಟೆ ಕೆಟ್ಟುಹೋಗುತ್ತದೆ. ಕೈ ಚಾಚಿದೆ. ಬೆರಳಿನಿಂದ ರಕ್ತ ಬರುವಂತೆ ಕುಕ್ಕಿತು.

ಮತ್ತೆ ತಳ್ಳುಗಾಡಿ. ಮತ್ತೆ ಆರಿದ ಸಾರು. ಕಾರ್ಖಾನೆಯ ಮೇಸ್ತ್ರಿ ಒಳ್ಳೆಯವನೇ, ಮುಖ ಬೇರೆ ಕಡೆ ತಿರುಗಿಸಿಕೊಂಡು ಹೇಳಿದ: "ಅವ್ವ, ತಿಂಗಳ ಕೊನೆಯೊಳಗೆ ವ್ಯಾನು ಬರದಿದ್ರೆ ಗೇಟಿನ ಜಾಗ ಬೋಂಡಾ ಗಾಡಿಯವನಿಗೆ ಕೊಡ್ಬೇಕಾಯ್ತದೆ. ಹುಡುಗ್ರು ಬಿಸಿ ಕೇಳ್ತವ್ರೆ." ಲಾಜರ್ ಬಂದು, ಬಾಗಿಲಿನಿಂದ ಜಂಬಿಯನ್ನು ನೋಡಿ, "ಮಚ್ಚು ಮಸೆದದ್ದು ಹಾಗೇ ಅದೆಯಾ?" ಎಂದ. ಬೀದಿಯವರೂ ಅದನ್ನೇ ಹೇಳಿದರು. ಇಡೀ ಊರಿಗೆ ಒಂದೇ ಅಭಿಪ್ರಾಯ ಬಂದದ್ದು ನಾನು ಕಂಡಂತೆ ಅದೇ ಮೊದಲು.

ನಾನು ಮಧ್ಯಾಹ್ನಗಳಲ್ಲಿ ವ್ಯಾನಿನ ಸ್ಟೇರಿಂಗಿನ ಮುಂದೆ ಸುಮ್ಮನೆ ಕೂರತೊಡಗಿದೆ. ಪಕ್ಕದಲ್ಲಿ ಕೋಳಿ. ಅದು ನನ್ನನ್ನು ನೋಡುವುದಿಲ್ಲ, ನಾನು ಅದನ್ನು ನೋಡುವುದಿಲ್ಲ. ಹಿಂದೆ ಸಣ್ಣತಾಯಮ್ಮನೂ ನಾನೂ ಜಗಳವಾಡಿದ ದಿನ ಹೀಗೆಯೇ ಹೋಗುತ್ತಿದ್ದೆವು. ಅವಳು ಎಡಗಡೆಯ ಮನೆಗಳನ್ನು ಎಣಿಸುವಂತೆ, ನಾನು ರಸ್ತೆ ಈಗ ತಾನೇ ಕಂಡಂತೆ. ಗೇಟು ಬರುವಷ್ಟರಲ್ಲಿ ಪಾತ್ರೆಯ ಬಿಸಿಗೆ ಅವಳು ಕಾಲು ಸರಿಸುತ್ತಿದ್ದಳು, ನಾನು ನನ್ನ ಒರೆಸುವ ಬಟ್ಟೆ ಮಡಿಸಿ ಅವಳ ತೊಡೆಗೆ ಎಸೆಯುತ್ತಿದ್ದೆ. ಅಲ್ಲಿಗೆ ಜಗಳ ಮುಗಿಯುತ್ತಿತ್ತು. ಈಗ ಬಟ್ಟೆ ನನ್ನ ಹೆಗಲ ಮೇಲೇ ಇತ್ತು.

ಅಂಕಯ್ಯ ಎರಡು ದಿನ ಮಾತು ತರಲಿಲ್ಲ. ಮೂರನೆಯ ದಿನ ಬೀದಿಯ ಕೊನೆಯಲ್ಲಿ ಕಂಡಾಗ ನಾನೇ ಕರೆದೆ.

"ಏನಂತೆ ಅಲ್ಲಿ?"

"ಏನೂ ಅನ್ನಲಿಲ್ಲ."

"ಕೋಳಿ ಕಾವಿಗೆ ಕೂತದ್ದು ಹೇಳ್ಲಿಲ್ವಾ?"

"ಹೇಳ್ದೆ. ಅವರ ಸೀಟಲ್ಲೇ ಅಂತಾನೂ ಹೇಳ್ದೆ. ನಾನೇ ಒಂದು ಬೈಗುಳ ತಯಾರು ಮಾಡ್ಕೊಂಡಿದ್ದೆ, ಅವರಿಗೆ ಹೊಳೀದಿದ್ರೆ ಇರಲಿ ಅಂತ. ಬೇಕಾಗ್ಲಿಲ್ಲ. ಸುಮ್ಮನೆ ಕೇಳಿಸ್ಕೊಂಡ್ರು." ಅವನು ಸೈಕಲ್ಲಿನ ಗಂಟೆಯನ್ನು ಹೆಬ್ಬೆರಳಿನಿಂದ ಒರೆಸಿದ. "ಆದ್ರೆ ಆ ಕೀ ಅದೆಯಲ್ಲ ಅಕ್ಕ, ಅವರ ಕೀ. ಹುಣಸೆಹಣ್ಣು ಹಾಕಿ ತಿಕ್ಕಿ, ಥಳಥಳ ಮಾಡಿ, ತುಳಸಿಕಟ್ಟೆ ಮೇಲೆ ಬಿಸಿಲಿಗೆ ಇಟ್ಟವ್ರೆ. ಯಾಕಮ್ಮ ಅಂದೆ. ಪಾತ್ರೆ ತಿಕ್ತಿದ್ದೆ, ಜೊತೇಲಿ ಅದೂ ಬಂತು ಅಂದ್ರು."

"ತಲೆಭಾಗ ನೆನೆಸಿದ್ಲಾ? ಚಿಪ್ ಕೆಟ್ಟೋಗ್ತದೆ!"

"ಇಲ್ಲ. ತಲೆಗೆ ಪ್ಲಾಸ್ಟಿಕ್ ಕವರು ಕಟ್ಟಿ ತಿಕ್ಕವ್ರೆ."

ಸಣ್ಣತಾಯಮ್ಮ ಜೀವಮಾನದಲ್ಲಿ ಪಾತ್ರೆಯನ್ನೇ ಹುಣಸೆಹಣ್ಣು ಹಾಕಿ ತಿಕ್ಕಿದವಳಲ್ಲ. ಬೂದಿ ಸಾಕು, ಯಾರು ಬರುತ್ತಾರೆ ನೋಡಲು ಎನ್ನುತ್ತಿದ್ದಳು. ನಾನು ಒಳಗೆ ಹೋಗಿ ರಾತ್ರಿ ಶಾಲೆಯ ಪುಸ್ತಕ ತೆಗೆದೆ.

ಆ ಪುಸ್ತಕದಲ್ಲಿ ಪತ್ರಲೇಖನ ಎಂದು ಒಂದು ಪಾಠವಿದೆ. ತಂದೆಗೆ ಬರೆಯುವುದು ಹೇಗೆ, ಹೆಡ್ಮಾಸ್ತರರಿಗೆ, ಗೆಳತಿಗೆ, ಪುಸ್ತಕದಂಗಡಿಯವರಿಗೆ ಬರೆಯುವುದು ಹೇಗೆ ಎಂದು ಎಲ್ಲ ಕೊಟ್ಟಿದ್ದಾರೆ. ಓರಗಿತ್ತಿಗೆ ಬರೆಯುವುದು ಹೇಗೆ ಎಂದು ಕೊಟ್ಟಿಲ್ಲ. ಪಾಠ ಬರೆದವರಿಗೆ ಓರಗಿತ್ತಿ ಇರಲಿಲ್ಲವೋ, ಇದ್ದದ್ದರಿಂದಲೇ ಬಿಟ್ಟರೋ. ಹಿಂದೆ ಟೀಚರು ನೆಂಟರಿಗೆ ಒಂದು ಪತ್ರ ಬರೆಯಿರಿ ಎಂದಾಗ ನಾನು ಇವಳಿಗೇ ಬರೆಯಲು ಕೂತಿದ್ದೆ. ಪೂಜ್ಯರಾದ ಎಂದು ಬರೆದು ಹೊಡೆದುಹಾಕಿದೆ. ಪ್ರೀತಿಯ ಎಂದು ಬರೆದು ಅದನ್ನೂ ಹೊಡೆದೆ. ಸಣ್ಣತಾಯಮ್ಮನಿಗೆ ಎಂದು ಬರೆದೆ, ಸೊಸೈಟಿಯವರ ನೋಟೀಸಿನ ಹಾಗೆ ಕಂಡಿತು, ಗೀಟು ಎಳೆದೆ. ಟೀಚರು ಪತ್ರದ ಮೊದಲ ಸಾಲು ಬಿಟ್ಟು ಉಳಿದದ್ದೆಲ್ಲ ಎಲ್ಲಿ ಎಂದು ಕೇಳಿದ್ದರು. ಆ ಹಾಳೆ ಹಾಗೇ ಪುಸ್ತಕದಲ್ಲಿತ್ತು, ಮೂರು ಗೀಟು ಎಳೆದುಕೊಂಡು. ಅಂದಿನಿಂದ ಕಾಗದದ ಮೊದಲ ಸಾಲೆಂದರೆ ನನಗೆ ಚಿಪ್ ಇಲ್ಲದ ಕೀ. ಕಬ್ಬಿಣವಿದೆ, ತಿರುಗುತ್ತದೆ, ಹೊರಡುವುದಿಲ್ಲ.

ಹಾಳೆ ತೆಗೆದುಕೊಂಡು ಹೋಗಿ ವ್ಯಾನಿನಲ್ಲಿ ಕೂತೆ. ಮೊಣಕಾಲಿನ ಮೇಲೆ ಅನ್ನ ಬಸಿಯುವ ತಟ್ಟೆ ಇಟ್ಟು, ಅದರ ಮೇಲೆ ಹಾಳೆ ಇಟ್ಟುಕೊಂಡೆ. ಜಂಬಿ ಒಂದು ಕಣ್ಣು ತೆರೆದು ನೋಡಿ ಮುಚ್ಚಿತು. ಗೀಟು ಹೊಡೆದ ಮೂರು ಸಾಲುಗಳ ಕೆಳಗೆ, ಅಕ್ಷರ ದೊಡ್ಡದಾಗಿ, "ಅಕ್ಕಾ" ಎಂದು ಬರೆದೆ. ಬರೆದು ನೋಡಿದೆ. ಬಾಯಲ್ಲಿ ಇಷ್ಟು ವರ್ಷ ಆಗದಿದ್ದದ್ದು ಕೈಯಲ್ಲಿ ಆಗಿತ್ತು. ಎರಡೇ ಅಕ್ಷರ, ಒಂದು ಒತ್ತು, ಒಂದು ದೀರ್ಘ. ಉಳಿದದ್ದು ತಾನೇ ಬಂತು.

ನಾನು ಕ್ಷೇಮ, ನಿನ್ನ ಕ್ಷೇಮ ಅಂಕಯ್ಯ ಹೇಳುತ್ತಾನೆ, ಆದರೆ ಅವನು ಸೇರಿಸುತ್ತಾನಂತೆ, ಆದ್ದರಿಂದ ನೀನೇ ಬಂದು ಹೇಳು ಎಂದು ಬರೆದೆ. ನನ್ನ ಕೀ ಕಲ್ಲೆಂದು ಎಸೆದೆ, ಕೋಳಿ ಕಾಳೆಂದು ತಿಂದಿತು, ಇಬ್ಬರಿಗೂ ಕಣ್ಣು ಅಷ್ಟಕ್ಕಷ್ಟೆ. ಹೊಸ ಕೀ ಮಾಡಿಸಬೇಕು. ನಿನ್ನ ಕೀ ತೆಗೆದುಕೊಂಡು ಬಂದು ನನ್ನ ಪಕ್ಕ ಕೂರಬೇಕು. ನಿನ್ನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿದೆ; ಲಾಜರ್ ಹೇಳುವಂತೆ ಅದೂ ಇರಲೇಬೇಕು. ಮೂವರೂ ಸ್ವಲ್ಪ ಒತ್ತರಿಸಿಕೊಂಡು ಕೂರೋಣ. ದೀಪ ಆರುವುದು ತಡವಾದರೆ ಕಿಟಕಿಯಿಂದ ಊಟ ಕೊಡುವಂತೆ ಮೇಸ್ತ್ರಿಗೆ ಹೇಳಿಟ್ಟಿರುತ್ತೇನೆ. ಸಾರಿಗೆ ಬೆಲ್ಲದ ವಿಷಯದಲ್ಲಿ ನಾನು ಹೇಳಿದ್ದೇ ಸರಿ. ಅದನ್ನೂ ಕೂತು ಮಾತಾಡೋಣ. ಇಷ್ಟು ಬರೆದು, ಕೊನೆಗೆ ಇನ್ನೂ ಒಂದು ಸಾಲು: ನೀನು ಕೇಳಿದ್ದೆಯಲ್ಲ, ಅಕ್ಷರ ಕಲಿತು ಯಾರಿಗೆ ಬರೆಯಬೇಕು ಎಂದು. ಕೆಳಗೆ ಹೆಸರು ಬರೆದೆ.

ಲಕೋಟೆಗೆ ಅನ್ನದ ಅಂಟು ಹಚ್ಚಿ, ಒಣಗಲೆಂದು ಅಂಗೈಯಿಂದ ಒತ್ತಿ ಹಿಡಿದು, ಅಂಕಯ್ಯ ಬರುವ ಹೊತ್ತಿಗೆ ಬೀದಿಗೆ ಹೋಗಿ ನಿಂತೆ. ಅವನು ಸೈಕಲ್ ಇಳಿದು, ಎರಡು ಕೈಯಲ್ಲಿ ತೆಗೆದುಕೊಂಡ. ವಿಳಾಸ ಓದಿದ. ತೂಗಿ ನೋಡಿದ.

"ಬಾಯಲ್ಲಿ ಏನಾದ್ರೂ ಹೇಳ್ಬೇಕಾ, ಅಕ್ಕ?"

"ಏನೂ ಬೇಡ. ಎಲ್ಲಾ ಒಳಗದೆ."

"ಒಂದೇ ಒಂದು ಮಾತು? ಇಷ್ಟು ದಿನ ಹೊತ್ತಿದೀನಿ."

"ಬಾಯಿ ಮುಚ್ಕೊಂಡು ಹೋಗು."

ಅಂಕಯ್ಯನಿಗೆ ಬೇಸರವಾಯಿತು, ಕಂಡಿತು. ಆದರೂ ಕಾಗದವನ್ನು ಚೀಲದಲ್ಲಿ ಹಾಕಲಿಲ್ಲ. ಅಂಗಿಯ ಜೇಬಿನಲ್ಲಿಟ್ಟು, ಮೇಲೆ ಗುಂಡಿ ಹಾಕಿಕೊಂಡ. ಸೇತುವೆಯ ಏರಿಯಲ್ಲಿ ಎಂದಿನಂತೆ ಇಳಿದು ತಳ್ಳಲಿಲ್ಲ, ಎದ್ದು ನಿಂತು ತುಳಿದ. ಅವನು ಆಚೆ ಬದಿಗೆ ಇಳಿದು ಮರೆಯಾಗುವವರೆಗೆ ನೋಡಿದೆ. ಆಮೇಲೆ ಹೆಗಲ ಮೇಲಿನ ಬಟ್ಟೆ ತೆಗೆದು, ನಾಲ್ಕು ಮಡಿಕೆ ಮಾಡಿ, ಕೋಳಿಯ ಪಕ್ಕ ಉಳಿದಿದ್ದ ಅಷ್ಟಿಷ್ಟು ಜಾಗದಲ್ಲಿ ಇಟ್ಟೆ.